ಗುರುವಾರ ಮಧ್ಯಾಹ್ನ ಬೀಗ ಬೀಳುತ್ತಿದ್ದ ಪ್ರಯೋಗಾಲಯ

ಲೋಹಕ್ಕೆ ತುಕ್ಕು ಹೇಗೆ ಹಿಡಿಯುತ್ತದೆ, ಅದರಲ್ಲೂ ಎರಡು ತುಂಡುಗಳನ್ನು ಬೆಸೆದ ಜಾಗದಲ್ಲಿಯೇ ಅದು ಮೊದಲು ಏಕೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಜೀವಮಾನದ ಪ್ರಶ್ನೆಯಾಗಿ ಕೈಗೆತ್ತಿಕೊಂಡು, ಸೇತುವೆ ಕಟ್ಟುವವರಿಂದ ಹಿಡಿದು ನೀರಿನ ಕೊಳವೆ ಹೂಳುವವರವರೆಗೆ ಎಲ್ಲರೂ ಇಂದು ಕಣ್ಣುಮುಚ್ಚಿ ನಂಬುವ ಪರೀಕ್ಷಾ ವಿಧಾನವೊಂದನ್ನು ರೂಪಿಸಿಕೊಟ್ಟ ನಮ್ಮ ಪ್ರಾಧ್ಯಾಪಕಿ ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಲೋಹವಿಜ್ಞಾನದ ವಲಯದಲ್ಲಿ ಅವರ ಸ್ವಂತ ಹೆಸರಿಗಿಂತ ಹೆಚ್ಚು ಓಡಾಡಿದ್ದು 'ತುಕ್ಕಿನ ಮೇಡಂ' ಎಂಬ ಅಡ್ಡಹೆಸರು. ಅದು ತಮ್ಮ ಕಿವಿಗೆ ಬಿದ್ದೇ ಇಲ್ಲವೆಂಬಂತೆ ಅವರು ಅಷ್ಟೂ ವರ್ಷ ನಟಿಸಿದರು. ಬಿದ್ದಿದೆಯೆಂದು ಗೊತ್ತಿದ್ದೂ ನಾವು ಹಾಗೆಯೇ ಕರೆಯುತ್ತ ಬಂದೆವು. ಅವರ ವಿದ್ವತ್ತಿನ ಬಗ್ಗೆ ಈ ಅಭಿನಂದನಾ ಸಂಪುಟದಲ್ಲಿ ನನಗಿಂತ ಬಲ್ಲವರು ಬರೆಯುತ್ತಿದ್ದಾರೆ. ಸಂಪಾದಕರು ನನಗೂ ಬೆಸುಗೆಯ ವಿಷಯವನ್ನೇ ಒಪ್ಪಿಸಿದ್ದರು, ಅದನ್ನು ವಿನಯಪೂರ್ವಕವಾಗಿ ಹಿಂದಿರುಗಿಸಿದ್ದೇನೆ. ಮೇಡಂ ವಾರಕ್ಕೊಮ್ಮೆ ತಮ್ಮ ಪ್ರಯೋಗಾಲಯಕ್ಕೆ ಹಾಕುತ್ತಿದ್ದ ಬೀಗದ ಬಗ್ಗೆ ಬರೆಯಲು ನನಗೆ ಹೆಚ್ಚಿನ ಅಧಿಕಾರವಿದೆ. ಆ ಬೀಗ ಇಲ್ಲದಿದ್ದರೆ ನಾನು ಡಾಕ್ಟರೇಟನ್ನು ಅರ್ಧಕ್ಕೇ ಬಿಟ್ಟು ಊರು ಸೇರಿಕೊಂಡಿರುತ್ತಿದ್ದೆ, ಈ ಸಂಪುಟದಲ್ಲಿ ನನ್ನ ಲೇಖನವೂ ಇರುತ್ತಿರಲಿಲ್ಲ.

ಸಂದರ್ಶನದ ದಿನ ನಾನು ಅಂಕಪಟ್ಟಿಗಳನ್ನೆಲ್ಲ ಪ್ಲಾಸ್ಟಿಕ್ ಹಾಳೆಗಳೊಳಗೆ ಸೇರಿಸಿಕೊಂಡು, ಬರಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಕಡತವನ್ನು ತೆರೆಯಲೇ ಇಲ್ಲ. ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ ನನ್ನನ್ನೇ ನೋಡಿದರು.

"ಸಂಜೆ ಹೊತ್ತು ಏನ್ ಮಾಡ್ತೀಯಮ್ಮಾ?"

"ಓದ್ತೀನಿ ಮೇಡಂ."

"ಓದಾದ್ಮೇಲೆ?"

"ಓದಿದ್ದನ್ನ ಮತ್ತೊಂದ್ಸಲ ನೋಡ್ಕೋತೀನಿ."

"ಅಯ್ಯೋ ಪಾಪ," ಎಂದರು. ಆ ಕ್ಷಣ ನನಗೆ ಸೀಟು ಕೈತಪ್ಪಿತೆಂದೇ ಅನ್ನಿಸಿತು. ಸೀಟು ಸಿಕ್ಕಿತು, ಆದರೆ ಒಂದು ಷರತ್ತಿನ ಮೇಲೆ. ಅವರ ಬಳಿ ಸಂಶೋಧನೆ ಮಾಡುವವರು ಪ್ರತಿ ಗುರುವಾರ ಮಧ್ಯಾಹ್ನ ಊಟದ ನಂತರ ಪ್ರಯೋಗಾಲಯದಲ್ಲಿ ಇರಕೂಡದು. ಅಷ್ಟು ಹೊತ್ತಿಗೆ ಸರಿಯಾಗಿ ಅವರೇ ಬಂದು ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಚೀಲಕ್ಕೆ ಇಳಿಬಿಟ್ಟುಕೊಳ್ಳುತ್ತಿದ್ದರು. ಆ ಬಿಡುವಿನಲ್ಲಿ ಪ್ರತಿಯೊಬ್ಬರೂ ಎರಡು ಕೆಲಸ ಹಿಡಿಯಬೇಕು, ಒಂದು ತನ್ನ ಖುಷಿಗೆ, ಇನ್ನೊಂದು ಬೇರೆ ಯಾರಿಗಾದರೂ ಉಪಯೋಗವಾಗುವಂಥದ್ದು. ಎರಡಕ್ಕೂ ಕಬ್ಬಿಣದ ಸೋಂಕೂ ಇರಬಾರದು. ಈ ಸಂಗತಿಯನ್ನು ಫೋನಿನಲ್ಲಿ ತಿಳಿಸಿದಾಗ ನಮ್ಮಮ್ಮ, "ಅಲ್ಲ ಕಣೇ, ನಿನ್ನ ಓದೋಕೆ ಕಳಿಸಿದ್ದಾ, ಆಡೋಕೆ ಕಳಿಸಿದ್ದಾ? ಬೇರೆ ಗೈಡು ಸಿಗಲ್ವಾ?" ಎಂದು ಕೇಳಿದರು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಪ್ರಶ್ನೆ.

ಆ ಪ್ರಯೋಗಾಲಯ ಮೂರನೆಯ ಮಹಡಿಯ ಕೊನೆಯ ಕೋಣೆ. ಒಳಗೆ ಕಾಲಿಟ್ಟರೆ ಒದ್ದೆ ಉಪ್ಪಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಗೋಡೆಗೊರಗಿಸಿದ ದೊಡ್ಡ ಪೆಟ್ಟಿಗೆಯೊಳಗೆ ನೈಲಾನ್ ದಾರದಲ್ಲಿ ತೂಗುಬಿಟ್ಟ, ಬೆಸುಗೆ ಹಾಕಿದ ಉಕ್ಕಿನ ಬಿಲ್ಲೆಗಳ ಮೇಲೆ ಉಪ್ಪುನೀರಿನ ಮಂಜು ಹಗಲೂ ಇರುಳೂ ಬೀಳುತ್ತಿತ್ತು. ಅವುಗಳನ್ನು ಆಗಾಗ ತೆಗೆದು, ತೊಳೆದು, ಒಣಗಿಸಿ, ತೂಗಿ, ಮತ್ತೆ ನೇತುಹಾಕುವುದೇ ನಮ್ಮ ಸಂಶೋಧನೆ. ತುಕ್ಕಿಗೆ ಅವಸರ ಎಂಬುದಿಲ್ಲ. ಅದು ತನ್ನ ಪಾಡಿಗೆ ತಾನು ಹಿಡಿಯುವವರೆಗೂ ಪೆಟ್ಟಿಗೆಯ ಮುಂದೆ ಕಾಯುತ್ತ ಕೂರುವ ಮನುಷ್ಯನ ತಲೆಗೆ ಏನು ಹಿಡಿಯುತ್ತದೆ ಎಂಬುದನ್ನು ನಮ್ಮ ವಿಭಾಗದಲ್ಲಿ ಮೇಡಂ ಹೊರತು ಬೇರೆ ಯಾರೂ ಯೋಚಿಸಿರಲಿಲ್ಲ.

ನಾನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ಮಣ್ಣಿನ ಪಾತ್ರೆಯ ತರಗತಿಗೆ ಸೇರಿದೆ. ಚಕ್ರದ ಮೇಲಿಟ್ಟ ಮಣ್ಣು ನನ್ನ ಕೈಗೆ ಬಂದ ತಕ್ಷಣ ಒಂದು ಕಡೆಗೆ ವಾಲುತ್ತಿತ್ತು. ನಾನು ಮಾಡಿದ ಮೊದಲ ಲೋಟವನ್ನು ನೋಡಿ ಕಲಿಸುವವರು ಬಹಳ ಯೋಚಿಸಿ, "ಇದರಲ್ಲಿ ಕುಡಿಯೋಕಾಗಲ್ಲ, ಆದ್ರೆ ಚೆಲ್ಲೋಕೆ ಚೆನ್ನಾಗಿದೆ," ಎಂದರು. ಅಲ್ಲಿಯವರೆಗೆ ಬದುಕಿನಲ್ಲಿ ಯಾವುದನ್ನೂ ಕೆಟ್ಟದಾಗಿ ಮಾಡಿ ಗೊತ್ತಿಲ್ಲದ ನನಗೆ ಮುಖಕ್ಕೆ ಹೊಡೆದಂತಾಯಿತು. ನಾಲ್ಕೈದು ವಾರ ಕಳೆಯುವಷ್ಟರಲ್ಲಿ, ಕೆಟ್ಟದಾಗಿ ಮಾಡಿಯೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂಬುದರಲ್ಲಿ ಎಂಥ ಸುಖವಿದೆ ಎಂದು ಅರಿವಾಗತೊಡಗಿತು.

ಇನ್ನೊಂದು ಕೆಲಸಕ್ಕೆ ಮೇಡಂ ಅವರೇ ದಾರಿ ತೋರಿಸಿದರು. ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ ಬೆಚ್ಚನೆಯ ನೀರಿನ ಕೊಳವೊಂದಿತ್ತು. ಪಾರ್ಶ್ವವಾಯು ಬಡಿದವರು, ಸೊಂಟ ಮುರಿದುಕೊಂಡವರು ಅಲ್ಲಿ ಎದೆಮಟ್ಟದ ನೀರಿನಲ್ಲಿ ಮತ್ತೆ ನಡೆಯಲು ಕಲಿಯುತ್ತಿದ್ದರು, ಮತ್ತು ಅವರ ಮೊಣಕೈ ಹಿಡಿದು ಜೊತೆಯಲ್ಲಿ ನಡೆಯಲು ಸ್ವಯಂಸೇವಕರು ಬೇಕಾಗಿದ್ದರು. ಈಜು ಬರುವುದಿಲ್ಲವೆಂದು ನಾನು ತಪ್ಪಿಸಿಕೊಳ್ಳಲು ನೋಡಿದರೆ, ನಡೆಯಲು ಬರುತ್ತದಲ್ಲ, ಸಾಕು ಎಂದರು. ನನ್ನ ಪಾಲಿಗೆ ಬಂದವರು ಬಸ್ಸು ಓಡಿಸಿ ನಿವೃತ್ತರಾಗಿದ್ದ ಒಬ್ಬ ಹಿರಿಯರು. ಎಡಗಾಲು ಮಾತು ಕೇಳುತ್ತಿರಲಿಲ್ಲ, ನಾಲಿಗೆ ಮಾತ್ರ ಸರಿಯಾಗಿ ಕೇಳುತ್ತಿತ್ತು. ಎಲ್ಲರಿಗೂ ಅವರು ಡ್ರೈವರ್ ಅಜ್ಜ. ಕೊಳದ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗುವುದನ್ನು 'ಟ್ರಿಪ್ಪು' ಎನ್ನುತ್ತಿದ್ದರು. ಎದುರಿಗೆ ಯಾರಾದರೂ ಸಿಕ್ಕರೆ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದರು.

ಮೇಡಂ ಅವರ ಸ್ವಂತ ಗುರುವಾರಗಳ ಬಗ್ಗೆ ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಅವರ ಖುಷಿಯ ಕೆಲಸ ಹವ್ಯಾಸಿ ನಾಟಕ ತಂಡವೊಂದಕ್ಕೆ ಪರದೆ ಎಳೆಯುವುದು. ಪಾತ್ರ ಕೊಡುತ್ತೇವೆಂದು ಎಷ್ಟು ಬಲವಂತ ಮಾಡಿದರೂ ಅವರು ಹಗ್ಗ ಬಿಟ್ಟುಕೊಡಲಿಲ್ಲ. ಇನ್ನೊಂದು, ದೃಷ್ಟಿಯಿಲ್ಲದ ಮಕ್ಕಳು ಬಾಯಲ್ಲಿ ಹೇಳಿದ ಉತ್ತರವನ್ನು ಪರೀಕ್ಷೆಯಲ್ಲಿ ಬರೆದುಕೊಡುವುದು. ಸಾಮಾನ್ಯವಾಗಿ ಭಾಷೆ, ಇತಿಹಾಸದ ಪತ್ರಿಕೆಗಳಿಗೆ ಹೋಗುತ್ತಿದ್ದರು. ಒಮ್ಮೆ ವಿಜ್ಞಾನದ ಪರೀಕ್ಷೆಗೆ ಬರಬೇಕಾದವರು ಕೈಕೊಟ್ಟಿದ್ದರಿಂದ ಶಾಲೆಯವರು ವಿಧಿಯಿಲ್ಲದೆ ಇವರನ್ನೇ ಕೂರಿಸಿದರು. ಪ್ರಶ್ನೆ ಬಂದದ್ದು ಕಬ್ಬಿಣಕ್ಕೆ ತುಕ್ಕು ಏಕೆ ಹಿಡಿಯುತ್ತದೆ ಎಂದು. ಆ ಹುಡುಗಿ ಒಂದಿಷ್ಟೂ ಅಳುಕದೆ, ಕಬ್ಬಿಣಕ್ಕೆ ವಯಸ್ಸಾದಾಗ ಅದರ ಒಳಗಿರುವ ತುಕ್ಕು ನಿಧಾನವಾಗಿ ಹೊರಗೆ ಬರುತ್ತದೆ ಎಂದು ಉತ್ತರ ಹೇಳಿದಳು. ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು, ಅದು ನಿಯಮ. ತುಕ್ಕಿನ ಮೇಡಂ ತಮ್ಮ ಮುದ್ದಾದ ಅಕ್ಷರದಲ್ಲಿ ಆ ವಾಕ್ಯವನ್ನು ಬರೆದು, ಕೊನೆಗೆ ಚುಕ್ಕೆಯನ್ನೂ ಇಟ್ಟರು. ಮರುದಿನ ನಮಗೆ ಅದನ್ನು ಹೇಳುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಹಲ್ಲು ಕಚ್ಕೊಂಡು ಬರೆದೆ ಕಣ್ರೋ. ಅವಳು ಹೇಳಿದ ಧಾಟಿಗೆ ಒಂದು ಗಳಿಗೆ ನಂಗೇ ನಿಜ ಅನ್ನಿಸ್ಬಿಡ್ತು. ಆಮೇಲೆ ಹೊರಗೆ ಬಂದು ಸರಿ ಉತ್ತರ ಹೇಳಿದ್ರೆ, 'ನಿಮಗೆ ಗೊತ್ತಿತ್ತಾ ಆಂಟಿ? ಮೊದಲೇ ಹೇಳ್ಬಾರ್ದಿತ್ತಾ' ಅಂತ ನನ್ನೇ ಬೈದ್ಲು."

ಇಷ್ಟೆಲ್ಲ ಒಳ್ಳೆಯ ಉದ್ದೇಶದ ಗುರುವಾರವನ್ನೂ ಹಾಳುಗೆಡಹುವ ಶಕ್ತಿ ಸಂಶೋಧನಾ ವಿದ್ಯಾರ್ಥಿಗಳಾದ ನಮಗೆ ಇದ್ದೇ ಇತ್ತು. ನಾನು ಸೇರಿದ ಎರಡನೆಯ ವರ್ಷ, ಎತ್ತರದ ಕಾರಣಕ್ಕೆ ನಾವು ಏಣಿ ಎಂದು ಕರೆಯುತ್ತಿದ್ದ ಹಿರಿಯ ವಿದ್ಯಾರ್ಥಿಯೊಬ್ಬರು ಪ್ರಯೋಗಾಲಯದ ಬಿಳಿ ಹಲಗೆಯ ಮೇಲೆ ಒಂದು ಪಟ್ಟಿ ಬರೆದರು. ಯಾರು ಎಷ್ಟು ಗಂಟೆ ಸ್ವಯಂಸೇವೆ ಮಾಡಿದರು, ಯಾರ ಹವ್ಯಾಸ ಎಷ್ಟು ಮುಂದುವರಿಯಿತು, ಯಾರಿಗೆ ಎಷ್ಟು ಅಂಕ. ಪರೀಕ್ಷೆಯೆಂದರೆ ಮೈಯೆಲ್ಲ ಕಣ್ಣಾಗುವ ಜನ ನಾವು, ಬಿಟ್ಟೇವೆಯೇ? ಒಬ್ಬರು ಗಿಡ ನೆಡುವುದರ ಜೊತೆಗೆ ಪ್ರಥಮ ಚಿಕಿತ್ಸೆ ಕಲಿಸಲು ಹೋದರು. ನಾನು ಮಣ್ಣಿನ ತರಗತಿಯನ್ನು ವಾರಕ್ಕೆ ಎರಡು ಮಾಡಿಕೊಂಡೆ. ಸದ್ದಿಲ್ಲದೆ ಓಡಾಡುವುದರಿಂದ ಬೆಕ್ಕು ಎಂದು ಹೆಸರಾಗಿದ್ದ ಸಹಪಾಠಿಯಂತೂ ಹಾಡುವ ಗುಂಪು, ರಕ್ತದಾನ ಶಿಬಿರ, ಬೀದಿನಾಯಿಗಳ ಆರೈಕೆ ಎಂದು ಎಲ್ಲವನ್ನೂ ಮೈಮೇಲೆ ಎಳೆದುಕೊಂಡು, ಒಂದು ಬೆಳಿಗ್ಗೆ ತಕ್ಕಡಿಯ ಮುಂದೆ ನಿಂತಲ್ಲೇ ನಿದ್ದೆಹೋಗಿ ಬಿಲ್ಲೆಗಳ ತಟ್ಟೆಯನ್ನು ಕೆಡವಿದಳು. ಸದ್ದು ಕೇಳಿ ಬಂದ ಮೇಡಂ ಅವರ ಕಣ್ಣು ಮೊದಲು ಅವಳ ಮೇಲೆ, ಆಮೇಲೆ ಹಲಗೆಯ ಮೇಲೆ ಬಿತ್ತು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಇದ್ರಲ್ಲೂ ರ್‍ಯಾಂಕಾ? ಉಸಿರಾಡೋಕೆ ಅಂತ ಕಿಟಕಿ ತೆಗೆದುಕೊಟ್ರೆ, ಅದಕ್ಕೂ ಕ್ಯೂ ನಿಂತ್ಕೊಂಡು ತಳ್ಳಾಡ್ತಿದೀರಲ್ಲ."

ಅಳಿಸುವ ಬಟ್ಟೆ ಹುಡುಕುವ ವ್ಯವಧಾನವೂ ಇಲ್ಲದೆ ಅಂಗೈಯಿಂದಲೇ ಹಲಗೆಯನ್ನು ಒರೆಸಿದರು. ಬೆಕ್ಕನ್ನು ತಮ್ಮ ಕೋಣೆಯ ಸೋಫಾದಲ್ಲಿ ಮಲಗಿಸಿ, ಬಾಗಿಲು ಎಳೆದುಕೊಂಡು, ಸಂಜೆಯವರೆಗೆ ಕಾರಿಡಾರಿನ ಬೆಂಚಿನಲ್ಲಿ ಕುಳಿತು ನಮ್ಮ ಅಧ್ಯಾಯಗಳನ್ನು ತಿದ್ದಿದರು. ಅಲ್ಲಿಂದಾಚೆಗೆ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೆಲಸ ಕೂಡದೆಂದೂ, ಅವುಗಳಲ್ಲಿ ಒಂದರಲ್ಲಾದರೂ ಪಳಗಬಾರದೆಂದೂ ಕಟ್ಟುನಿಟ್ಟಾಯಿತು. ಎರಡನೆಯ ನಿಯಮವನ್ನು ನಾನು ನನ್ನ ಲೋಟಗಳ ಮೂಲಕ ನಿಷ್ಠೆಯಿಂದ ಪಾಲಿಸಿದೆ.

ಮೂರನೆಯ ವರ್ಷ ಬಂತು. ತಿಂಗಳುಗಟ್ಟಲೆ ತೂಗುಬಿಟ್ಟಿದ್ದ ನನ್ನ ಬಿಲ್ಲೆಗಳೆಲ್ಲ ಪೆಟ್ಟಿಗೆಯ ಉಷ್ಣಾಂಶದ ಗುಂಡಿ ಕೆಟ್ಟುಹೋಗಿ ಗುರುತು ಸಿಗದಂತೆ ಹಾಳಾದವು. ಅದೇ ವಾರ, ನಾನು ಹೇಳಬೇಕೆಂದಿದ್ದ ಮಾತನ್ನೇ ಬೇರೊಂದು ಕಡೆಯ ಸಂಶೋಧಕರು ನನಗಿಂತ ಚೆನ್ನಾಗಿ ಹೇಳಿ ಪ್ರಕಟಿಸಿದರು. ಅಳು ಬಂದಿದ್ದರೆ ಅತ್ತು ಹಗುರಾಗುತ್ತಿದ್ದೆ. ಬಂದದ್ದು ಅಳುವಲ್ಲ. ಬೆಳಿಗ್ಗೆ ಮೂರನೆಯ ಮಹಡಿಗೆ ಹತ್ತಿ, ಪ್ರಯೋಗಾಲಯದ ಬಾಗಿಲಿನ ಹಿಡಿಕೆಯ ಮೇಲೆ ಕೈಯಿಟ್ಟರೆ ಕೈ ತಿರುಗುತ್ತಿರಲಿಲ್ಲ. ಬಂದ ದಾರಿಗೆ ಸುಂಕವಿಲ್ಲವೆಂದು ಮೆಟ್ಟಿಲಿಳಿದು ಹೊರಟುಬಿಡುತ್ತಿದ್ದೆ. ಹೀಗೆ ಹಲವು ದಿನ ನಡೆದ ಮೇಲೆ, ಇದು ನನ್ನ ಕೈಲಾಗದ ಕೆಲಸವೆಂದು ತೀರ್ಮಾನಿಸಿ ಮೇಡಂ ಅವರ ಕೋಣೆಗೆ ಹೋಗಿ ಬಿಡುತ್ತೇನೆಂದು ಹೇಳಿದೆ. ಬಾಗಿಲಿನ ಹಿಡಿಕೆಯ ವಿಷಯವನ್ನೂ ಹೇಳಿದೆ. ಅವರು ತುಸು ಹೊತ್ತು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತ ಕುಳಿತರು.

"ಬಿಡ್ತೀನಿ ಅಂದ್ರೆ ಬಿಡಮ್ಮ. ಅದರಲ್ಲಿ ತಪ್ಪೇನಿಲ್ಲ. ಈ ಅವಧಿಗೆ ರಜೆ ಅಂತ ಬರೆಸ್ತೀನಿ, ಆಮೇಲೆ ನಿನ್ನಿಷ್ಟ."

ಉಪದೇಶ ಮಾಡುತ್ತಾರೆ, ಇನ್ನೊಂದು ವರ್ಷ ನೋಡು ಎನ್ನುತ್ತಾರೆ, ನಾನು ಪ್ರತಿಯುತ್ತರ ಕೊಡಬೇಕೆಂದೆಲ್ಲ ಸಿದ್ಧಳಾಗಿ ಹೋಗಿದ್ದೆ. ಆ ಶಾಲೆಯ ಹುಡುಗಿಯ ಉತ್ತರವನ್ನು ಬರೆದುಕೊಂಡ ಹಾಗೆಯೇ ನನ್ನ ಮಾತನ್ನೂ ತಿದ್ದದೆ ಬರೆದುಕೊಂಡರು. ನಾನು ಏಳುವಾಗ ಮಾತ್ರ ಒಂದು ಮಾತು ಸೇರಿಸಿದರು.

"ಕೊಳದಲ್ಲಿ ಅಜ್ಜ ಕಾಯ್ತಿರ್ತಾರಲ್ಲ, ಅವರಿಗೆ ಮಾತ್ರ ನೀನೇ ಹೋಗಿ ಹೇಳ್ಬೇಕು. ಅದನ್ನ ನಾನು ಹೇಳಲ್ಲ."

ಹೋದೆ. ನೀರಿನಲ್ಲಿ ಮೊಣಕೈ ಹಿಡಿದುಕೊಂಡು, ಓದು ಬಿಟ್ಟು ಊರಿಗೆ ಹೋಗುತ್ತಿದ್ದೇನೆಂದೆ. ಡ್ರೈವರ್ ಅಜ್ಜ ಟ್ರಿಪ್ಪು ನಿಲ್ಲಿಸಲಿಲ್ಲ. "ಹೋಗಮ್ಮಾ, ಯಾರು ಬೇಡ ಅಂದ್ರು. ಆದ್ರೆ ಮುಂದಿನ ವಾರ ನನ್ ಸೊಸೆ ನೋಡೋಕ್ ಬರ್ತಾಳೆ, ಅವಳ ಮುಂದೆ ಮುಗ್ಗರಿಸಿದ್ರೆ ನನ್ ಮರ್ಯಾದೆ ಮೂರು ಕಾಸು. ಅದೊಂದು ದಿನ ಇದ್ದು ಹೋಗು," ಎಂದರು. ಮುಂದಿನ ವಾರ ಸೊಸೆ ಬರಲಿಲ್ಲ. ಅದರ ಮುಂದಿನ ವಾರ ಖಂಡಿತ ಬರುತ್ತಾಳೆ ಎಂದರು. ಅವರಿಗೆ ಸೊಸೆಯೇ ಇಲ್ಲವೆಂದು, ಇರುವವಳು ಒಬ್ಬಳೇ ಮಗಳೆಂದು ಫಿಸಿಯೋಥೆರಪಿಸ್ಟ್ ಹೇಳುವಷ್ಟರಲ್ಲಿ ನಾನು ಊರಿಗೆ ಹೋಗುವ ದಿನವನ್ನು ಹಲವು ಸಲ ಮುಂದೂಡಿಯಾಗಿತ್ತು.

ವಾರವಿಡೀ ಕೋಣೆಯಲ್ಲಿ ಗೋಡೆ ನೋಡುತ್ತ ಬಿದ್ದಿರುತ್ತಿದ್ದವಳು ಗುರುವಾರಕ್ಕೆ ಮಾತ್ರ ತಲೆ ಬಾಚಿಕೊಳ್ಳುತ್ತಿದ್ದೆ. ಥೀಸಿಸ್ ಎಲ್ಲಿಗೆ ಬಂತು ಎಂದು ಕೇಳದ ಜನ ನನಗೆ ಆಗ ಅಲ್ಲಿ ಮಾತ್ರ ಇದ್ದರು. ಹಾಗಿರುವಾಗ ಒಂದು ದಿನ ಅಜ್ಜ, ಅದೇನಮ್ಮಾ ನೀನು ಬಿಟ್ಟಿದ್ದು ಎಂದು ಕೇಳಿದರು. ಎರಡು ಮಾತಿನಲ್ಲಿ ಮುಗಿಸೋಣವೆಂದು ಶುರುಮಾಡಿದೆ. ಬೆಸುಗೆಯ ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ಬಿರುಕು ಇರುತ್ತದೆ, ಅಲ್ಲಿ ಉಪ್ಪುನೀರು ಹೋಗಿ ಕೂರುತ್ತದೆ ಎಂದು ಹೇಳುತ್ತ ಆ ಗೋಡೆ ಮುಟ್ಟಿದೆವು, ಈ ಗೋಡೆ ಮುಟ್ಟಿದೆವು, ನನ್ನ ಒದ್ದೆ ಬೆರಳಿನಿಂದ ಟೈಲ್ಸ್ ಗೋಡೆಯ ಮೇಲೆ ಚಿತ್ರ ಬರೆದು ತೋರಿಸಿದೆ. ಅವರು ದೊಡ್ಡದಾಗಿ ಆಕಳಿಸಿದರು.

"ನಂಗೊಂದಕ್ಷರ ಅರ್ಥ ಆಗ್ಲಿಲ್ಲ ತಾಯಿ. ಆದ್ರೂ ಬಿಟ್ಟಿದ್ದೀನಿ ಅಂದವಳು ಇಷ್ಟೊತ್ತು ಮಾತಾಡ್ತೀಯಲ್ಲ."

ನಾನು ನೀರಿನ ನಡುವೆ ನಿಂತುಬಿಟ್ಟೆ. ತಿಂಗಳುಗಳ ಮೇಲೆ ಮೊದಲ ಸಲ ನನಗೆ ನನ್ನ ಬಿಲ್ಲೆಗಳು ನೆನಪಾದದ್ದು ಭಯದಿಂದಲ್ಲ, ಆಸೆಯಿಂದ. ಅವು ಹಾಳಾದವೆಂಬ ದುಃಖವೂ ಆಗಲೇ ಬಂತು, ಮತ್ತು ಅಲ್ಲೇ ಅಜ್ಜನ ಎದುರಿಗೆ ಅತ್ತೆ. ಅವರು ಹಿಂದಿನಿಂದ ಬರುವವರಿಗೆ ಪಕ್ಕಕ್ಕೆ ಹೋಗಿರೆಂದು ಕೈತೋರಿಸುತ್ತ, ನನ್ನ ಅಳು ಮುಗಿಯುವವರೆಗೆ ಒಂದೇ ಕಾಲಿನ ಮೇಲೆ ಭಾರ ಹಾಕಿಕೊಂಡು ನಿಂತಿದ್ದರು.

ಸೋಮವಾರ ಬೆಳಿಗ್ಗೆ ಮೂರನೆಯ ಮಹಡಿಗೆ ಹತ್ತಿದೆ. ಹಿಡಿಕೆ ತಿರುಗಿತು. ಮೇಡಂ ಒಳಗೆ ಕೈಗವಸು ಹಾಕಿಕೊಂಡು ಬಿಲ್ಲೆಯೊಂದನ್ನು ಉಜ್ಜುತ್ತಿದ್ದರು. ಬಾ ಎನ್ನಲಿಲ್ಲ, ಬಂದೆಯಾ ಎಂದೂ ಕೇಳಲಿಲ್ಲ, ಗದ್ದದಿಂದ ಪೆಟ್ಟಿಗೆಯ ಕಡೆಗೆ ತೋರಿಸಿದರು. ಒಳಗೆ ನನ್ನ ಹಳೆಯ ಜಾಗದಲ್ಲಿ ಹೊಸ ಬಿಲ್ಲೆಗಳು ಸಾಲಾಗಿ ತೂಗುತ್ತಿದ್ದವು. ನಾನು ಬಿಟ್ಟುಹೋದ ವಾರವೇ ಅವರು ಹೊಸದಾಗಿ ಬೆಸುಗೆ ಹಾಕಿಸಿ, ಪ್ರತಿಯೊಂದನ್ನೂ ತಾವೇ ಉಜ್ಜಿ, ನನ್ನ ವಿಧಾನದಲ್ಲೇ ತೂಗಿ, ನೇತುಹಾಕಿ, ಕಾಯುತ್ತ ಬಂದಿದ್ದರು. ನಾನು ಕಳೆದುಕೊಂಡೆನೆಂದುಕೊಂಡ ಕಾಲವನ್ನು ತುಕ್ಕು ಒಂದು ದಿನವೂ ಬಿಡದೆ ಕೆಲಸ ಮಾಡಿ ತುಂಬಿಕೊಟ್ಟಿತ್ತು.

"ನಾನು ಬರದೇ ಹೋಗಿದ್ರೆ ಮೇಡಂ?"

"ಬರದಿದ್ರೆ ನನ್ನ ಹೆಸರಲ್ಲಿ ಒಂದು ಲೇಖನ ಆಗ್ತಿತ್ತು. ನಂಗೇನು ನಷ್ಟ? ಕೋಟು ಹಾಕ್ಕೋ."

ಆ ಬಿಲ್ಲೆಗಳಿಂದಲೇ ನನ್ನ ಪ್ರಬಂಧವಾಯಿತು. ಪ್ರಕಟಿಸುವಾಗ ಮೇಡಂ ಅವರ ಹೆಸರನ್ನು ಕೊನೆಯಲ್ಲಿಡಲು ಕೂಡ ಅವರನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ರಜೆಯ ನಡುವೆ ನನ್ನ ಸೀಟನ್ನು ಬೇರೆಯವರಿಗೆ ಕೊಡಬೇಕೆಂದು ವಿಭಾಗದ ಸಭೆಯಲ್ಲಿ ಒತ್ತಡ ಬಂದಿತ್ತೆಂದೂ, ಮೇಡಂ ಸಭೆ ಮುಗಿಯುವವರೆಗೂ ಜಗ್ಗಲಿಲ್ಲವೆಂದೂ ಕಚೇರಿಯ ಗುಮಾಸ್ತರು ಆಮೇಲೆ ಹೇಳಿದರು. ಮೌಖಿಕ ಪರೀಕ್ಷೆಯ ದಿನ ಡ್ರೈವರ್ ಅಜ್ಜ ಊರುಗೋಲಿನೊಂದಿಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತು, ಮೊದಲ ಐದು ನಿಮಿಷದಲ್ಲೇ ಸುಖವಾಗಿ ನಿದ್ದೆ ಮಾಡಿದರು. ಇಂದು ನಾನು ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ, ನನ್ನ ಪ್ರಯೋಗಾಲಯಕ್ಕೂ ಗುರುವಾರ ಬೀಗ ಬೀಳುತ್ತದೆ, ನಮ್ಮಮ್ಮ ಈಗ ಆ ಪದ್ಧತಿಯನ್ನು ತಾವೇ ಕಂಡುಹಿಡಿದಂತೆ ನೆಂಟರಿಷ್ಟರ ಮುಂದೆ ಹೇಳಿಕೊಳ್ಳುತ್ತಾರೆ. ನೆಮ್ಮದಿಯಾಗಿದ್ದೇನೆ ಎಂದು ಬರೆಯಲು ನನಗೆ ಸಂಕೋಚವಿಲ್ಲ.

ಈ ಸಂಪುಟಕ್ಕೆ ಹಳೆಯ ಚಿತ್ರಗಳು ಬೇಕೆಂದು ಕಳೆದ ತಿಂಗಳು ಮೇಡಂ ಅವರ ಮನೆಗೆ ಹೋಗಿದ್ದೆ. ಅವರು ನಾಟಕದ ತಾಲೀಮಿಗೆ ಹೋಗಿದ್ದರು. ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದ ಅವರ ಯಜಮಾನರು ಊಟದ ಮೇಜಿನ ಮೇಲೆ ಚಿತ್ರಗಳನ್ನು ಹರಡಿಕೊಂಡು ಒಂದೊಂದಕ್ಕೂ ವಿವರಣೆ ಕೊಡುತ್ತಿದ್ದರು. ಮೇಡಂ ಅವರ ವಿದ್ಯಾರ್ಥಿ ದೆಸೆಯ ಚಿತ್ರವೊಂದೂ ಇಲ್ಲವಲ್ಲ ಎಂದು ಕೇಳಿದೆ. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು.

"ಆ ಕಾಲದ್ದನ್ನ ಅವಳು ಇಟ್ಕೊಂಡಿಲ್ಲಮ್ಮ. ವಾರದಲ್ಲಿ ಏಳು ದಿನಾನೂ ಲ್ಯಾಬಲ್ಲೇ ಇರ್ತಿದ್ಲು. ಕೊನೆಕೊನೆಗೆ ಬಾಗಿಲ ಹತ್ರ ಹೋಗಿ ನಿಂತ್ರೆ ತೆಗೆಯೋಕೆ ಕೈಯೇ ಬರ್ತಿರ್ಲಿಲ್ಲ. ಒಂದು ವರ್ಷ ಮನೇಲಿದ್ಲು. ಪಕ್ಕದ ಬೀದಿ ನಾಟಕದವ್ರು ಪರದೆ ಎಳೆಯೋಕೆ ಯಾರೂ ಇಲ್ಲ ಅಂತ ಕರ್ಕೊಂಡ್ ಹೋದ್ರು, ಅಲ್ಲಿಂದ ಚೇತರಿಸ್ಕೊಂಡ್ಲು. ವಾಪಸ್ ಹೋದಾಗ ಅವಳ ಜಾಗದಲ್ಲಿ ಬೇರೆ ಯಾರೋ ಕೂತಿದ್ರು. ಅವಳು ಮಾಡಿದ್ದನ್ನೆಲ್ಲ ತೆಗೆದು ಬಿಸಾಕಿದ್ರು. ಮತ್ತೆ ಮೊದಲಿಂದ ಶುರು ಮಾಡಿದ್ಲು. ಯಾಕೆ, ನಿಮಗ್ಯಾರಿಗೂ ಹೇಳಿಲ್ವಾ?"

ಹೇಳಿರಲಿಲ್ಲ. ನಾನು ಅವರ ಕೋಣೆಯಲ್ಲಿ ಬಾಗಿಲಿನ ಹಿಡಿಕೆಯ ಮಾತು ಹೇಳಿದ ದಿನ, ತಮ್ಮ ಕೈಗಳನ್ನು ನೋಡಿಕೊಳ್ಳುತ್ತ ಕುಳಿತಿದ್ದಾಗಲೂ ಹೇಳಿರಲಿಲ್ಲ. ತಮಗೆ ಯಾರೂ ಉಳಿಸಿಕೊಡದ ಜಾಗವನ್ನು ನನಗೆ ಉಳಿಸಿಕೊಟ್ಟು, ಕೋಟು ಹಾಕ್ಕೋ ಎಂದಿದ್ದರು.

ಮೇಡಂ, ನೀವು ನೂರ್ಕಾಲ ಆರೋಗ್ಯವಾಗಿರಿ, ನಿಮ್ಮ ನಾಟಕಗಳು ತುಂಬಿದ ಸಭೆಯ ಮುಂದೆ ನಡೆಯಲಿ, ನೀವು ಅರ್ಧ ಬರೆದಿಟ್ಟಿರುವ ಬೆಸುಗೆಯ ಪುಸ್ತಕ ಪೂರ್ಣವಾಗಲಿ ಎಂದು ನಿಮ್ಮೆಲ್ಲ ವಿದ್ಯಾರ್ಥಿಗಳ ಪರವಾಗಿ ಹಾರೈಸುತ್ತೇನೆ. ನಿವೃತ್ತರಿಗೆ ಕೆಲಸ ಹೇಳಬಾರದು, ಆದರೂ ಒಂದು ಕೆಲಸವಿದೆ. ಹೋದ ವಾರ ನನ್ನ ವಿದ್ಯಾರ್ಥಿನಿಯೊಬ್ಬಳು ಬಂದು, ಇನ್ನು ಆಗುವುದಿಲ್ಲ, ಬಿಡುತ್ತೇನೆ ಎಂದಳು. ಬಿಡಮ್ಮ, ತಪ್ಪೇನಿಲ್ಲ ಎಂದು ಕಳಿಸಿ, ಅವಳ ಬಿಲ್ಲೆಗಳನ್ನು ನಾನೇ ಉಜ್ಜಲು ಕುಳಿತಿದ್ದೇನೆ. ನನ್ನ ಕೈ ನಿಮ್ಮಷ್ಟು ನಯವಿಲ್ಲ. ಅವಳು ವಾಪಸು ಬರುವುದರೊಳಗೆ ಒಮ್ಮೆ ಬಂದುಹೋಗಿ.